ಹೌಡಿನಿ ಸತ್ತದ್ದು ನೀರಿನ ಪೆಟ್ಟಿಗೆಯಲ್ಲಿ ಅಲ್ಲ

ಜಾದೂಗಾರ ಹ್ಯಾರಿ ಹೌಡಿನಿ ನೀರು ತುಂಬಿದ ಗಾಜಿನ ಪೆಟ್ಟಿಗೆಯಿಂದ ಹೊರಬರಲಾಗದೆ ವೇದಿಕೆಯಲ್ಲೇ ಸತ್ತರು ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ಸುಳ್ಳು. 1912ರಿಂದ ಅವರು ಆ ಆಟ ತೋರಿಸುತ್ತಿದ್ದರು, ಅದರಿಂದ ಸಾಯಲಿಲ್ಲ. ಪೆಟ್ಟಿಗೆಯಲ್ಲಿ ಸೋಲುವ ಕಥೆ 1953ರ ಹಾಲಿವುಡ್ ಸಿನಿಮಾದ್ದು. ಅಂಥ ಕಲಾವಿದನ ಕೈಚಳಕವೇ ಕೈಕೊಟ್ಟಿತು ಅನ್ನೋದು ಅನ್ಯಾಯ ಅಲ್ವಾ?

ಅಪೆಂಡಿಕ್ಸ್ ಒಡೆದು, ಹೊಟ್ಟೆಯೆಲ್ಲ ಸೋಂಕಾಗಿ, 1926ರ ಅಕ್ಟೋಬರ್ 31ರಂದು ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ವಯಸ್ಸು 52. ವಾರದ ಹಿಂದಷ್ಟೇ ಜೋರು ಜ್ವರದಲ್ಲೂ ಅಲ್ಲಿನ ಗ್ಯಾರಿಕ್ ಥಿಯೇಟರಿನಲ್ಲಿ ವೇದಿಕೆ ಏರಿದ್ದರು. ಅದಕ್ಕೂ ಮೊದಲು ಮಾಂಟ್ರಿಯಲ್‌ನಲ್ಲಿ ವಿದ್ಯಾರ್ಥಿಯೊಬ್ಬ ಅವರ ಹೊಟ್ಟೆಗೆ ಗುದ್ದಿದ್ದು ನಿಜ. ಆದರೆ ಗುದ್ದಿನಿಂದ ಅಪೆಂಡಿಕ್ಸ್ ಒಡೆಯುವುದು ತೀರಾ ಅಪರೂಪ. ಡಾಕ್ಟರುಗಳು ಆಪರೇಷನ್ ಮಾಡಿದರೂ ಸೋಂಕು ಇಳಿಯಲಿಲ್ಲ. ಆಗಿನ್ನೂ ಆಂಟಿಬಯೋಟಿಕ್ ಬಂದಿರಲಿಲ್ಲ.