ಸೀಟಿ ಹಿಡಿದವನು ಯಾಕೆ ತಲೆ ತಗ್ಗಿಸಬೇಕು?

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ತೋಟದೊಳಗೆ ಕಾರ್ ರ‍್ಯಾಲಿ ನಡೆಯುತ್ತಿತ್ತು. ನಾನು ಅಲ್ಲಿ ಮಾರ್ಷಲ್, ಅಂದರೆ ರಸ್ತೆ ಬದಿ ನಿಂತು ಜನರನ್ನು ದೂರ ಇಡುವ, ಬಾವುಟ ತೋರಿಸುವ ಕೆಲಸದವನು. ಹೆಸರು ದೊಡ್ಡದು, ಅಷ್ಟೇ. ಕಿತ್ತಳೆ ಬಣ್ಣದ ಜಾಕೆಟ್ಟು, ಕೊರಳಲ್ಲಿ ಒಂದು ಸೀಟಿ, ಕೈಯಲ್ಲೊಂದು ಬಾವುಟ, ಬ್ಯಾಗಿನಲ್ಲಿ ಪುಳಿಯೋಗರೆ ಪೊಟ್ಟಣ. ತರಬೇತಿ ಅಂತ ಕೊಟ್ಟಿದ್ದು ಹಿಂದಿನ ರಾತ್ರಿ ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಬೆಳಿಗ್ಗೆ ತಿಂಡಿ ಎಲ್ಲಿ ಅಂತ ಹೇಳೋದಕ್ಕೇ ಹೋಯಿತು.

ನನ್ನ ಪಾಲಿಗೆ ಬಂದಿದ್ದು ಒಂದು ಎಡ ತಿರುವು. ತಿರುವಿನ ಹೊರಗಡೆ ಕಲ್ಲಿನ ಕಟ್ಟೆ. ಅದರ ಮೇಲೆ ಹದಿನೈದು ಇಪ್ಪತ್ತು ಜನ. ಕಾರು ಜಾರಿದರೆ ನೇರ ಅಲ್ಲಿಗೇ ಬರುತ್ತದೆ, ಅದು ಮಗುವಿಗೂ ಗೊತ್ತಾಗುವಂಥದ್ದು. "ಅಣ್ಣಾ, ಸ್ವಲ್ಪ ಇಳಿದು ಈ ಕಡೆ ಬನ್ನಿ" ಅಂದೆ. ಒಬ್ಬ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದು ನಮ್ಮದೇ ತೋಟ ಮಾರಾಯಾ. ನಮ್ಮ ಕಟ್ಟೆ ಮೇಲೆ ನಿಲ್ಲೋಕೆ ನಿನ್ನ ಪರ್ಮಿಷನ್ ಬೇಕಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಕಿಟಾಕಿಯೂ ಇರಲಿಲ್ಲ. ಅದು ಪಕ್ಕದ ಪೋಸ್ಟಿನವನ ಹತ್ತಿರ ಇತ್ತು. ಅಷ್ಟರಲ್ಲಿ ಮೊದಲ ಕಾರು ಬಂದೇ ಬಿಟ್ಟಿತು. ಏನೂ ಆಗಲಿಲ್ಲ. ಆ ದಿನ ಪೂರ್ತಿ ಏನೂ ಆಗಲಿಲ್ಲ. ಸಂಜೆ ಅದೇ ಹಿರಿಯರು ಕರೆದು ಕಾಫಿ ಕೊಟ್ಟರು. ಒಳ್ಳೆ ಕಾಫಿ.

ಇದು ಈಗ ನೆನಪಾಗಿದ್ದು ಗೆಳೆಯನೊಬ್ಬನ ಮಾತಿನಿಂದ. ಐಲ್ ಆಫ್ ಮ್ಯಾನ್ ಟಿಟಿ ಅನ್ನೋ ಬೈಕ್ ರೇಸಿನ ಬಗ್ಗೆ ಮಾತು ಬಂತು. ನನಗೂ ಅವನಿಗೂ ಅದರ ಹುಚ್ಚು ಹಳೆಯದು. ಅವನು ಹೇಳಿದ: "2007ರಲ್ಲಿ ಜನ ಸತ್ತಾಗ ಅಲ್ಲಿ ಏನಾಯ್ತು ನೋಡು. ರೇಸ್ ನಡೆಸೋ ದೊಡ್ಡ ಮನುಷ್ಯನೇ ರಾಜೀನಾಮೆ ಕೊಟ್ಟು ಹೋದ. ನಮ್ಮಲ್ಲಿ ಯಾರಾದ್ರೂ ಕುರ್ಚಿ ಬಿಡ್ತಾರಾ?"

ಬಿಡಲ್ಲ, ಒಪ್ಪಿದೆ. ಆದರೆ ಅವನು ಹೇಳಿದ್ದು ಅರ್ಧ ಕಥೆ. ಉಳಿದರ್ಧ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಟಿಟಿ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಅಂತ ಒಂದು ಪುಟ್ಟ ದ್ವೀಪ. 1907ರಿಂದ ಅಲ್ಲಿ ಬೈಕ್ ರೇಸ್ ನಡೆಯುತ್ತಿದೆ. ಟ್ರ್ಯಾಕ್ ಅಂತ ಬೇರೆ ಇಲ್ಲ. ಊರಿನ ರಸ್ತೆಯೇ ಟ್ರ್ಯಾಕ್. ಒಂದು ಸುತ್ತು ಅಂದರೆ 60 ಕಿ.ಮೀ.ಗಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ ಮಂಡ್ಯದಿಂದ ಮೈಸೂರಿಗೆ ಹೋಗಿ ಮೂರರಲ್ಲೊಂದು ಪಾಲು ದಾರಿ ವಾಪಸ್ ಬಂದ ಹಾಗೆ. ಮನೆ ಗೇಟು, ಚರ್ಚಿನ ಗೋಡೆ, ಬಸ್ ಸ್ಟಾಪು, ಆಮೇಲೆ ಬೋಳು ಬೆಟ್ಟ. ಎಲ್ಲರೂ ಒಟ್ಟಿಗೆ ಹೊರಡಲ್ಲ. ಹತ್ತು ಹತ್ತು ಸೆಕೆಂಡಿಗೆ ಒಬ್ಬೊಬ್ಬರನ್ನು ಬಿಡುತ್ತಾರೆ. ಆ ರಸ್ತೆಯಲ್ಲಿ ಇಲ್ಲಿಯವರೆಗೆ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. "ಮತ್ತೆ ಯಾಕೆ ನಡೆಸ್ತಾರೆ?" ಅಂತ ನನ್ನ ಹೆಂಡತಿ ಪ್ರತಿ ಜೂನ್‌ನಲ್ಲೂ ಕೇಳುತ್ತಾಳೆ. ಆ ಪ್ರಶ್ನೆಗೆ ಇನ್ನೊಂದು ದಿನ ಪ್ರತ್ಯೇಕ ಪೋಸ್ಟ್ ಬರೆಯಬೇಕು.

ಈ ರೇಸಿನ ಯಜಮಾನನಿಗೆ ಇರುವ ಹೆಸರು ಕ್ಲರ್ಕ್ ಆಫ್ ದಿ ಕೋರ್ಸ್. ಕ್ಲರ್ಕ್ ಅಂದ ಕೂಡಲೇ ನಮಗೆ ತಾಲ್ಲೂಕು ಆಫೀಸಿನ ಗುಮಾಸ್ತರು ನೆನಪಾಗುತ್ತಾರೆ. ಈ ಕ್ಲರ್ಕ್ ಹಾಗಲ್ಲ. ಮಂಜು ಬಂದರೆ ಕಾಯೋದಾ, ಮಳೆ ಬಂದರೆ ಬಿಡೋದಾ, ರೇಸ್ ನಿಲ್ಲಿಸೋದಾ, ಎಲ್ಲ ಅವರ ಮಾತು. ತಿರುವಿನಲ್ಲಿ ನಿಂತ ಮಾರ್ಷಲ್ ಎಚ್ಚರ ಅನ್ನುವ ಹಳದಿ ಬಾವುಟ ತೋರಿಸಬಹುದು. ರೇಸ್ ನಿಲ್ಲಿಸುವ ಕೆಂಪು ಬಾವುಟ ಮಾತ್ರ ಕಂಟ್ರೋಲ್ ರೂಮಿನಿಂದ ಮಾತು ಬಂದರೇನೇ. 60 ಕಿ.ಮೀ. ಉದ್ದಕ್ಕೂ ಚೆಲ್ಲಾಪಿಲ್ಲಿಯಾಗಿ ಹರಡಿರುವ ಸವಾರರನ್ನು ಒಬ್ಬರು ಒಂದು ಕೋಣೆಯಲ್ಲಿ ಕೂತು ನಿಲ್ಲಿಸಬೇಕು. ಯೋಚನೆ ಮಾಡಿ.

ಆ ಕೋಣೆಯ ಮಾತನ್ನು ಬೇಲಿ ಪಕ್ಕದಲ್ಲಿ ನಿಂತು ಜಾರಿಗೆ ತರುವವರು ಮಾರ್ಷಲ್‌ಗಳು. ರಸ್ತೆ ಮುಚ್ಚಿ ರೇಸ್ ಶುರು ಮಾಡಲು ಕಡಿಮೆ ಅಂದರೂ ಸುಮಾರು 500 ಜನ ಬೇಕು. ಎಲ್ಲರೂ ಪುಕ್ಕಟೆ ಕೆಲಸದವರು. ರಜೆ ಹಾಕಿ, ದೋಣಿ ಟಿಕೆಟ್ ತಾವೇ ಕೊಂಡು ಬರುವವರೂ ಇದ್ದಾರೆ. ಅವರು ಸಾಕಷ್ಟು ಬಾರದೆ ರೇಸ್ ತಡವಾದದ್ದೂ ಉಂಟು.

ಈಗ 2007ಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಹೆಜ್ಜೆ ಹಿಂದೆ. 2003ರ ಅಭ್ಯಾಸದಲ್ಲಿ ಆ ಕಾಲದ ದೊಡ್ಡ ಸವಾರ ಡೇವಿಡ್ ಜೆಫರೀಸ್ ಕ್ರಾಸ್ಬಿ ಎಂಬ ಹಳ್ಳಿಯಲ್ಲಿ ಬಿದ್ದು ಸತ್ತರು. ರಸ್ತೆ ಮೇಲೆ ಎಣ್ಣೆ ಚೆಲ್ಲಿತ್ತು, ಬಾವುಟ ಸರಿಯಾಗಿ ತೋರಿಸಲಿಲ್ಲ ಅಂತ ಒಂದು ಕಡೆ, ಇಲ್ಲ ಅಂತ ಇನ್ನೊಂದು ಕಡೆ. ದೊಡ್ಡ ಗಲಾಟೆ. ಅಲ್ಲಿಯವರೆಗೆ ರೇಸ್ ನಡೆಸುತ್ತಿದ್ದದ್ದು ಬ್ರಿಟನ್ನಿನ ಆಟೋ ಸೈಕಲ್ ಯೂನಿಯನ್, ಅಂದರೆ ಎಸಿಯು. 2004ರಿಂದ ಆ ಕೆಲಸ ದ್ವೀಪದ್ದೇ ಆದ ಮ್ಯಾಂಕ್ಸ್ ಮೋಟರ್ ಸೈಕಲ್ ಕ್ಲಬ್‌ಗೆ ಬಂತು. ಊರ ತೇರನ್ನು ಊರಿನವರೇ ಎಳೆಯೋದು ಅಂದರೆ ಯಾರಿಗೆ ಖುಷಿ ಇಲ್ಲ? ಅಲ್ಲಿನ ರಸ್ತೆ, ಅಲ್ಲಿನ ಮಂಜು, ಅಲ್ಲಿನ ಜನ ಅವರಿಗೆ ಗೊತ್ತು. ನಾನಾಗಿದ್ದರೂ ಕೈ ಎತ್ತುತ್ತಿದ್ದೆ.

2007 ಟಿಟಿಗೆ ನೂರು ತುಂಬಿದ ವರ್ಷ. ಜನವೋ ಜನ. ಕೊನೆಯ ದೊಡ್ಡ ರೇಸ್ ಸೀನಿಯರ್ ಟಿಟಿ. ಅದರಲ್ಲಿ ಜಾನ್ ಮೆಕ್‌ಗಿನ್ನೆಸ್ ಮೊದಲ ಬಾರಿಗೆ ಸರಾಸರಿ 130 ಮೈಲಿ ವೇಗದಲ್ಲಿ ಒಂದು ಸುತ್ತು ಮುಗಿಸಿದರು. ಗಂಟೆಗೆ ಹತ್ತಿರ ಹತ್ತಿರ 210 ಕಿ.ಮೀ. ನಾವು ಅದನ್ನೇ ನೆನಪಿಟ್ಟುಕೊಂಡಿದ್ದೇವೆ. ಅದೇ ರೇಸಿನಲ್ಲಿ, ಬೆಟ್ಟದ ಮೇಲೆ 26ನೇ ಮೈಲಿಗಲ್ಲಿನ ಹತ್ತಿರ, ಒಬ್ಬ ಸವಾರ ಹತೋಟಿ ತಪ್ಪಿದ. ಅವನು ಸತ್ತ. ರಸ್ತೆ ಪಕ್ಕ ನೋಡುತ್ತಿದ್ದ ಇಬ್ಬರೂ ಸತ್ತರು. ಇಬ್ಬರು ಮಾರ್ಷಲ್‌ಗಳಿಗೆ ಪೆಟ್ಟಾಯಿತು. 26 ಬಾರಿ ಗೆದ್ದ ಜೋಯಿ ಡನ್‌ಲಪ್ ನೆನಪಿಗೆ ಆ ಜಾಗಕ್ಕೆ 'ಜೋಯೀಸ್' ಅಂತ ಹೆಸರಿಟ್ಟಿದ್ದಾರೆ.

ಈ ಸಾವುಗಳ ವಿಚಾರಣೆ ಮಾಡಿದ ಅಧಿಕಾರಿ, ಕೊರೋನರ್ ಸಾಹೇಬರು, ಮುಲಾಜಿಲ್ಲದೆ ಮಾತಾಡಿದರು. ಕ್ಲಬ್ಬಿನ ಹಿರಿಯ ಅಧಿಕಾರಿಗಳು ಮತ್ತು ಮಾರ್ಷಲ್‌ಗಳು ನಾಚಿಕೆಯಿಂದ ತಲೆ ತಗ್ಗಿಸಬೇಕು ಅಂದರು. ಇದಾದ ಮೇಲೆ ಕ್ಲರ್ಕ್ ಆಫ್ ದಿ ಕೋರ್ಸ್ ಆಗಿದ್ದ ನೀಲ್ ಹ್ಯಾನ್ಸನ್ ರಾಜೀನಾಮೆ ಕೊಟ್ಟರು. 2008ರ ಟಿಟಿಗೆ ಆ ಕುರ್ಚಿಗೆ ಎಡ್ಡಿ ನೆಲ್ಸನ್ ಬಂದರು. ರೇಸ್ ನಡೆಸುವ ಜವಾಬ್ದಾರಿ ಮುಂದೆ ಮತ್ತೆ ಎಸಿಯು ಕಡೆಗೇ ಹೋಯಿತು. ಐದಾರು ವರ್ಷದಲ್ಲಿ ಸುತ್ತಿ ಬಳಸಿ ಮೊದಲಿನ ಮನೆಗೇ.

ನನ್ನ ಗೆಳೆಯ ಮೆಚ್ಚಿಕೊಂಡಿದ್ದು ಈ ರಾಜೀನಾಮೆಯನ್ನು. ಅದರಲ್ಲಿ ನನಗೆ ತಕರಾರಿಲ್ಲ. ಅವರು ಹೋಗಬೇಕಿತ್ತಾ? ಹೋಗಬೇಕಿತ್ತು. ಬೈಕ್ ಬಿದ್ದಿದ್ದು ಅವರ ತಪ್ಪಲ್ಲ ಅನ್ನೋರಿದ್ದಾರೆ. ನಿಜ, ಬೈಕ್ ಬೀಳಿಸಿದ್ದು ಅವರಲ್ಲ. ಆದರೆ ಬೈಕ್ ಬೀಳುತ್ತದೆ ಅಂತ ನೂರು ವರ್ಷದಿಂದ ಗೊತ್ತಿರುವ ರೇಸಿದು. ಬಿದ್ದರೆ ಎಲ್ಲಿಗೆ ಜಾರುತ್ತದೆ, ಅಲ್ಲಿ ಯಾರು ನಿಂತಿರುತ್ತಾರೆ ಅಂತ ಮೊದಲೇ ನೋಡುವುದಕ್ಕೇ ಅಲ್ವಾ ಆ ಕುರ್ಚಿ ಇರೋದು? ರೇಸ್ ಚೆನ್ನಾಗಿ ನಡೆದಾಗ ಹಾರ ಅವರ ಕೊರಳಿಗೆ ಬೀಳುತ್ತಿದ್ದರೆ, ಕೆಟ್ಟಾಗ ಬೈಗುಳವೂ ಅಲ್ಲಿಗೇ ಬೀಳಬೇಕು.

ನನಗೆ ಉರಿಯೋದು ಆ ಇನ್ನೊಂದು ಶಬ್ದಕ್ಕೆ. "ಮತ್ತು ಮಾರ್ಷಲ್‌ಗಳು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗಾಯಿತು. ಹಿರಿಯ ಅಧಿಕಾರಿಯ ತಲೆಯನ್ನೂ, ಹುಲ್ಲಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಬೆಳಿಗ್ಗೆಯಿಂದ ನಿಂತವನ ತಲೆಯನ್ನೂ ಒಂದೇ ಸಾಲಿನಲ್ಲಿ ತಗ್ಗಿಸಿಬಿಟ್ಟರು. ಗಾಯಗೊಂಡವರಲ್ಲಿ ಇಬ್ಬರು ಅದೇ ಜಾಕೆಟ್ ಹಾಕಿದವರು ಅನ್ನೋದು ಆ ಮಾತಿನಲ್ಲಿ ಎಲ್ಲಿ ಹೋಯಿತು?

ಹಾಗಂತ ಮಾರ್ಷಲ್ ತಪ್ಪೇ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ನಾನೇ ಮಾಡಿದ್ದೇನೆ, ಮೇಲೆ ಬರೆದಿದ್ದೇನಲ್ಲ. ಆ ಕಟ್ಟೆ ಮೇಲಿನ ಜನರನ್ನು ಇಳಿಸದೆ ಕಾರು ಬಿಟ್ಟಿದ್ದು ತಪ್ಪು. ಅವತ್ತು ಒಂದು ಕಾರು ಜಾರಿದ್ದರೆ ಪೇಪರಿನಲ್ಲಿ ನನ್ನ ಹೆಸರು ಬರುತ್ತಿತ್ತು. ಬರಬೇಕಾದ್ದೇ. ಆದರೆ ಅದರ ಜೊತೆ ಇನ್ನೊಂದು ಪ್ರಶ್ನೆಯೂ ಬರಬೇಕಿತ್ತು. ಇವನಿಗೆ "ಕಟ್ಟೆ ಮೇಲೆ ಯಾರೂ ಇರಬಾರದು, ಇದ್ದರೆ ಕಾರು ಬಿಡಲ್ಲ" ಅಂತ ಯಾರು ಹೇಳಿದ್ದರು? ಹೇಳೋದಕ್ಕೆ ಇವನ ಕೈಯಲ್ಲಿ ಏನಿತ್ತು? ಸೀಟಿ. ತೋಟದ ಯಜಮಾನರ ಮುಂದೆ ಸೀಟಿ.

ಪರಿಚಯದ ಮುಖಕ್ಕೆ 'ಆಗಲ್ಲ' ಅನ್ನೋದು ಕಷ್ಟ. ಊರಿನವರೇ ನಡೆಸುವ ರೇಸಿನ ಬಲ ಯಾವುದೋ ಅದರ ದೌರ್ಬಲ್ಯವೂ ಅದೇ. ಎದುರಿಗೆ ನಿಂತವನು ಮಾವನ ಮಗ ಆಗಿರುತ್ತಾನೆ, ಇಲ್ಲಾ ದಿನಾ ಹಾಲು ಹಾಕೋನು. ಹಾಗಾಗಿ ಹೊರಗಿನವರು ಬಂದು ನಡೆಸುವುದರಲ್ಲಿ ಒಂದು ಒಳ್ಳೆಯದಿದೆ ಅಂತ ನನಗೆ ಈಚೆಗೆ ಅನ್ನಿಸುತ್ತಿದೆ. ಮೊದಲು ಅನ್ನಿಸುತ್ತಿರಲಿಲ್ಲ. ಆದರೆ ಹೊರಗಿನವರಿಗೆ ರಸ್ತೆ ಗೊತ್ತಿರಲ್ಲ. ಹಳಬರು ಹೋದಾಗ ಅವರ ಜೊತೆ ಹೋಗೋದು ಕುರ್ಚಿ ಮಾತ್ರ ಅಲ್ಲ. "ಈ ಮರದ ಕೆಳಗೆ ಮಧ್ಯಾಹ್ನದವರೆಗೂ ತೇವ ಇರುತ್ತೆ" ಅನ್ನುವಂಥ ನೂರು ವಿಷಯ ಹೋಗುತ್ತದೆ. ಅದು ಯಾವ ಫೈಲಿನಲ್ಲೂ ಬರೆದಿರಲ್ಲ.

ಜನ ಬದಲಾದ ಮೇಲೆ ಎಲ್ಲ ಸರಿಹೋಯಿತಾ? ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ. ಆಮೇಲಿನದ್ದನ್ನು ನೋಡಿ. 2018ರ ಅಭ್ಯಾಸದ ದಿನ ಒಬ್ಬ ಸವಾರ ಬಿದ್ದು ಸತ್ತ. ಕೆಂಪು ಬಾವುಟ ಬಂತು. ದಾರಿಯಲ್ಲಿ ನಿಂತಿದ್ದ ಸವಾರರಿಗೆ ರೇಸಿನ ಉಲ್ಟಾ ದಿಕ್ಕಿನಲ್ಲಿ ವಾಪಸ್ ಹೋಗಿ ಅಂದರು. ಅದೇ ರಸ್ತೆಯಲ್ಲಿ ಎದುರಿನಿಂದ ಅಪಘಾತದ ಜಾಗಕ್ಕೆ ಜೋರಾಗಿ ಹೊರಟಿದ್ದು ಸಂಘಟಕರದ್ದೇ ಕಾರು. ಅದು ಸ್ಟೀವ್ ಮರ್ಸರ್ ಎಂಬ ಸವಾರನಿಗೆ ಗುದ್ದಿತು. ಬದುಕಿದರು, ಆದರೆ ಮೈ ನುಜ್ಜುಗುಜ್ಜು. ಅಲ್ಲಿ ಯಾವ ಬೇಲಿ ಪಕ್ಕದವನ ತಪ್ಪಿತ್ತು ಹೇಳಿ? ಮುಚ್ಚಿದ ರಸ್ತೆಯಲ್ಲಿ ಎದುರುಬದುರು ಗಾಡಿ ಬಿಟ್ಟದ್ದು ಮೇಲಿನಿಂದ ಬಂದ ಮಾತು.

2022ರಲ್ಲಿ ಒಂದೇ ಟಿಟಿಯಿಂದ ಆರು ಜನ ಹೋದರು. ಇಬ್ಬರು ಕೂರುವ ಸೈಡ್‌ಕಾರ್ ಬೈಕಿನ ಅಪಘಾತವೊಂದರಲ್ಲಿ ಇಬ್ಬರು ಫ್ರೆಂಚ್ ಸವಾರರ ಪೈಕಿ ಸತ್ತವರು ಯಾರು, ಆಸ್ಪತ್ರೆಯಲ್ಲಿರುವವರು ಯಾರು ಅನ್ನೋದನ್ನೇ ಅದಲುಬದಲು ಮಾಡಿ ಪ್ರಕಟಿಸಿ, ಆಮೇಲೆ ತಿದ್ದಿದರು. ಒಂದು ಮನೆಯಲ್ಲಿ ಅಳು, ಇನ್ನೊಂದು ಮನೆಯಲ್ಲಿ ಆಸೆ, ಎರಡೂ ತಿರುಗುಮುರುಗು. ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಇಬ್ಬರಲ್ಲಿ ಇನ್ನೊಬ್ಬರೂ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಆದರೆ ಅದೇ ವರ್ಷ ಒಂದು ಒಳ್ಳೆ ಕೆಲಸವೂ ಶುರುವಾಗಿತ್ತು. ಮುಖ್ಯವಾದ ಜಾಗಗಳಲ್ಲಿ ಎಲೆಕ್ಟ್ರಾನಿಕ್ ಕೆಂಪು ಬಾವುಟ ಹಾಕಿದರು. ಕಂಟ್ರೋಲ್ ರೂಮಿನಲ್ಲಿ ಗುಂಡಿ ಒತ್ತಿದರೆ ಬೆಟ್ಟದ ಮೇಲೆ ದೀಪ ಹತ್ತುತ್ತದೆ. ಯಾವ ಬೈಕ್ ಎಲ್ಲಿದೆ ಅಂತ ತಿಳಿಯಲು ಜಿಪಿಎಸ್ ಬಂತು. ಮಾತು ದಾಟಿಸೋ ಭಾರ ಪೂರ್ತಿ ಮಾರ್ಷಲ್ ಮೇಲೆ ಬೀಳೋದು ಕಡಿಮೆಯಾಯಿತು. ಇದು ಯಾರ ರಾಜೀನಾಮೆಯೂ ಅಲ್ಲ, ಯಾರ ತಲೆಯೂ ತಗ್ಗಿಲ್ಲ. ಹಾಗಾಗಿ ಇದು ದೊಡ್ಡ ಸುದ್ದಿಯೂ ಆಗಲಿಲ್ಲ.

ನಮ್ಮ ಕಡೆ ನಾವೇನು ಬೇರೆ ಥರ ಯೋಚಿಸುತ್ತೇವಾ? 2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಹುಡುಗ ಬೈಕ್ ರೇಸಿನಲ್ಲಿ ತೀರಿಹೋದ. ನಾಲ್ಕು ದಿನ ನಾವೆಲ್ಲ "ಯಾರು ಹೊಣೆ, ಯಾರನ್ನ ತೆಗೆದ್ರು" ಅಂತ ಕೇಳಿದೆವು. ನಾನೂ ಕೇಳಿದೆ. ಐದನೇ ದಿನ ಸುಮ್ಮನಾದೆವು. ಆ ವಯಸ್ಸಿನ ಮಕ್ಕಳ ರೇಸಿನಲ್ಲಿ ಒಂದು ತಿರುವಿಗೆ ಎಷ್ಟು ಮಾರ್ಷಲ್ ಇರಬೇಕು, ಅವರಿಗೆ ಎಷ್ಟು ದಿನ ಕಲಿಸಬೇಕು ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿದ ನೆನಪು ನನಗಿಲ್ಲ.

ಗೆಳೆಯನಿಗೆ ಇಷ್ಟೆಲ್ಲ ಹೇಳಿದೆ. "ಸರಿ ಬಿಡಪ್ಪಾ, ನೀನು ಮಾರ್ಷಲ್ ಪಾರ್ಟಿ" ಅಂತ ನಕ್ಕ. ಹೌದು, ಆ ಪಾರ್ಟಿಯೇ. ಜೊತೆಗೆ ಅವನಿಗೆ ಇನ್ನೊಂದು ವಿಷಯವನ್ನೂ ಹೇಳಿದೆ.

ಆ ತೋಟದ ರ‍್ಯಾಲಿ ಆಗಿ ನಾಲ್ಕು ವರ್ಷದ ಮೇಲೆ ನನಗೆ ಮತ್ತೆ ಫೋನ್ ಬಂತು. ಹೊಸ ಹುಡುಗ, ತುಂಬಾ ಉತ್ಸಾಹ. "ಸಾರ್, ಹಳೇ ಕಮಿಟಿ ಪೂರ್ತಿ ಹೋಯ್ತು. ಒಬ್ಬರನ್ನೂ ಇಟ್ಕೊಂಡಿಲ್ಲ. ಈಗ ಎಲ್ಲಾ ಹೊಸಬರು. ನೀವು ಬರಲೇಬೇಕು" ಅಂದ. ಸಂತೋಷ ಅಂದೆ. ನನಗೆ ಯಾವ ಪೋಸ್ಟ್ ಅಂತ ಕೇಳಿದೆ.

"ಅದೇ ಎಡ ತಿರುವು ಸಾರ್, ಕಲ್ಲು ಕಟ್ಟೆ ಹತ್ರ. ನಿಮಗೆ ಜಾಗ ಗೊತ್ತಲ್ವಾ?"

ವಾಕಿಟಾಕಿ ಕೊಡ್ತೀರಾ ಅಂತ ಕೇಳಿದೆ.

"ಪಕ್ಕದ ಪೋಸ್ಟಲ್ಲಿ ಇರುತ್ತೆ ಸಾರ್."