ಸರ್ವರ್ ಡೌನಡ

ನಮ್ಮ ಪಹಣಿಯಲ್ಲಿ ಅಪ್ಪಯ್ಯನ ಹೆಸರಿಗೆ ಒಂದು ಕೊಂಬು ಜಾಸ್ತಿ ಬಿದ್ದಿದೆ. ಅದನ್ನು ತೆಗೆಸಲು ಜೂನ್ ತಿಂಗಳಲ್ಲಿ ಮೂರು ಸಲ ಶಿರಸಿ ಪೇಟೆಗೆ ಹೋದೆ. ಮೂರೂ ಸಲ ಕಚೇರಿಯ ಕಿಟಕಿಯಲ್ಲಿ ಅದೇ ಬೋರ್ಡು ನೇತಾಡುತ್ತಿತ್ತು: 'ಸರ್ವರ್ ಡೌನ್ ಇದೆ, ಸಹಕರಿಸಿ.'

ಬೋರ್ಡು ಅಂದ್ರೆ ರದ್ದಿ ಕಾಗದದ ಮೇಲೆ ಪೆನ್ನಲ್ಲಿ ಗೀಚಿದ್ದಲ್ಲ. ಚೆಂದ ಟೈಪ್ ಮಾಡಿ, ಸುತ್ತ ಹೂವಿನ ಅಂಚು ಕೊಟ್ಟು, ಲ್ಯಾಮಿನೇಶನ್ ಮಾಡಿಸಿ, ಎರಡು ತೂತು ಹೊಡೆದು ದಾರ ಕಟ್ಟಿದ್ದು. ಒಂದು ದಿನದ ತೊಂದರೆಗೆ ಯಾರೂ ಲ್ಯಾಮಿನೇಶನ್ ಮಾಡಿಸುವುದಿಲ್ಲ. ಮೂರನೇ ಸಲ ಹೋದಾಗ ಗಾಳಿಗೆ ಬೋರ್ಡು ತಿರುಗಿತು. ಹಿಂಬದಿಯಲ್ಲಿ 'ಊಟದ ವಿರಾಮ' ಅಂತಿತ್ತು. ಖಾಲಿ ಬದಿ ಅನ್ನೋದು ಆ ಬೋರ್ಡಿಗೆ ಇಲ್ಲವೇ ಇಲ್ಲ.

ಕಿಟಕಿಯೊಳಗೆ ಕೂತವ ನನಗೆ ಸಂಬಂಧದಲ್ಲಿ ಭಾವ ಆಗಬೇಕು. ಹೊರಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್. ಆಫೀಸಿನಲ್ಲಿ ಅವ ನನ್ನ ಗುರುತು ಹಿಡಿಯುವುದಿಲ್ಲ, ನಾನೂ ಅವನದ್ದು ಹಿಡಿಯುವುದಿಲ್ಲ. ಅದೊಂದು ಮರ್ಯಾದೆ. ಏನಾಗಿದೆ ಅಂತ ಕೇಳಿದೆ. "ಸರ್ವರ್ ಡೌನಡ" ಅಂದ.

ಈ 'ಅಡ' ನಮ್ಮ ಕಡೆಯ ಹವ್ಯಕರ ಮಾತಿಗೆ ಇರುವ ಬಾಲ. ಉಳಿದವರ 'ಅಂತೆ' ಇದೆಯಲ್ಲ, ಅದೇ. ಕಣ್ಣಾರೆ ಕಂಡಿದ್ದಕ್ಕೆ ಯಾರೂ ಅಡ ಸೇರಿಸುವುದಿಲ್ಲ. ಪಕ್ಕದ ಮನೆ ಎಮ್ಮೆ ಕರು ಹಾಕಿದ್ದನ್ನು ಕೊಟ್ಟಿಗೆಗೆ ಹೋಗಿ ನೋಡಿದವ 'ಹಾಕಿದ್ದು' ಅಂತಾನೆ, ಕಟ್ಟೆ ಮೇಲೆ ಕೂತು ಕೇಳಿದವ 'ಹಾಕಿದ್ದಡ' ಅಂತಾನೆ. ಅಂದ್ರೆ ಸರ್ವರ್ ಬಿದ್ದಿದ್ದನ್ನು ಕಂಡವರು ಈ ಊರಲ್ಲಿ ಒಬ್ಬರೂ ಇಲ್ಲ. ಕಿಟಕಿಯವನಿಗೆ ಒಳಗಿನವರು ಹೇಳಿದ್ದು, ಒಳಗಿನವರಿಗೆ ಕಾರವಾರದವರು ಹೇಳಿದ್ದು, ಕಾರವಾರದವರಿಗೆ ಬೆಂಗಳೂರಿನವರು ಹೇಳಿದ್ದು. ಬೆಂಗಳೂರಿನವರಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು.

ರೇಷನ್ ಅಂಗಡಿಯಲ್ಲೂ ಇದೇ ಕತೆ. ವರ್ಷಗಟ್ಟಲೆ ಅಡಿಕೆ ಸುಲಿದು ಬೆರಳ ಗೆರೆಯೇ ಸವೆದ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾಳೆ. ಗೆರೆ ಕಾಣದಿದ್ರೆ ಅಜ್ಜಿಯ ತಪ್ಪು. ಗೆರೆ ಕಂಡುಬಿಟ್ರೆ ಸರ್ವರಿನ ತಪ್ಪು. ಎರಡರಲ್ಲೂ ಅಕ್ಕಿ ಅಂಗಡಿಯಲ್ಲೇ ಇರುತ್ತೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಗಾದ್ರೂ ದಿನ ಇಂಥದ್ದು ಅಂತ ಮೊದಲೇ ಗೊತ್ತಾಗುತ್ತೆ. ಸರ್ವರ್ ಏಳುವ ದಿನ ಯಾವ ಪಂಚಾಂಗದಲ್ಲೂ ಇಲ್ಲ.

ನನಗೆ ಹಟ ಬಂತು. ಈ ಸರ್ವರ್ ಅನ್ನೋ ಪ್ರಾಣಿಯನ್ನು ಒಮ್ಮೆ ಮನೆಗೇ ತಂದು ಕಟ್ಟಿ ನೋಡೇಬಿಡೋಣ, ಅದು ಹೇಗೆ ಬೀಳುತ್ತೆ ಅಂತ.

ಸರ್ವರ್ ಅಂದ್ರೆ ಅಂಥ ದೊಡ್ಡ ವಿಷಯ ಏನಲ್ಲ. ಹಗಲು ರಾತ್ರಿ ಆನ್ ಇದ್ದು, ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಎತ್ತಿ ಕೊಡುವ ಇನ್ನೊಂದು ಕಂಪ್ಯೂಟರ್, ಅಷ್ಟೇ. ಮನೆಗೆ ಹಳೆಯದೇ ಸಾಕು. ಬೆಂಗಳೂರಿನಲ್ಲಿರುವ ನನ್ನ ಅಳಿಯ, ಅವನ ಆಫೀಸಿನವರು ಗುಜರಿಗೆ ಹಾಕಿದ್ದ ಒಂದು ಡಬ್ಬಿಯನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ. 2012ರದ್ದು. ನಾಲ್ಕು ಜಿಬಿ ರ‍್ಯಾಮ್, ಒಂದು ಟಿಬಿ ಡಿಸ್ಕು. ಅಪ್ಪಯ್ಯನ ಕಾಲದ ತಾಳಮದ್ದಳೆ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯುವ ಮೊದಲು ಅವನ್ನು ಅದಕ್ಕೆ ಹಾಕುವುದು, ಜೊತೆಗೆ ಮನೆಯ ಕಾಗದಪತ್ರ. ಕೊಂಬಿಲ್ಲದ ಹಳೇ ಪಹಣಿಯೂ ಸೇರಿ.

ಅದಕ್ಕೆ ಉಬುಂಟು ಸರ್ವರ್ 24.04 ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕು ಅಂದ ಅಳಿಯ. ಪುಕ್ಕಟೆ ಸಿಗುತ್ತೆ. ಫೈಲು ಎರಡೂವರೆ ಜಿಬಿಗೂ ಜಾಸ್ತಿ. ನಮ್ಮ ಅಂಗಳದ ಹಲಸಿನ ಮರದ ಬುಡದಲ್ಲಿ ಫೋನಲ್ಲಿ ಮಾತಾಡುವಷ್ಟು ಸಿಗ್ನಲ್ ಇದೆ. ಫೈಲು ಇಳಿಸಬೇಕಂದ್ರೆ ಸೊಪ್ಪಿನ ಬೆಟ್ಟ ಹತ್ತಬೇಕು. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇಟ್ಟು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ಕೂತೆ. ನಡುವೆ ನಾಲ್ಕೈದು ಸಲ ತುಂಡಾಗಿ, ಅಂತೂ ಪೂರ್ತಿ ಇಳಿಯಿತು.

ಇಳಿದದ್ದು ಸರಿ ಇದೆಯಾ ಅಂತ ನೋಡಲು ಒಂದು ಉಪಾಯ ಇದೆ. ಫೈಲು ಕೊಟ್ಟವರು ಜೊತೆಗೆ 64 ಅಕ್ಷರದ ಒಂದು ಸಾಲು ಕೊಟ್ಟಿರುತ್ತಾರೆ, ಶಾ-256 ಅಂತ. ನಮ್ಮ ಕೈಯಲ್ಲಿರುವ ಫೈಲಿನಿಂದಲೂ ಅಂಥದೇ ಸಾಲು ತೆಗೆದು ಎರಡನ್ನೂ ಹೋಲಿಸಬೇಕು. ಎರಡೂವರೆ ಜಿಬಿಯಲ್ಲಿ ಒಂದೇ ಒಂದು ಬಿಟ್ ಹೆಚ್ಚುಕಮ್ಮಿ ಆದ್ರೂ ಸಾಲು ಗುರುತು ಸಿಗದಷ್ಟು ಬದಲಾಗುತ್ತೆ. ಹೆಂಡತಿ ಮೊಬೈಲ್ ನೋಡಿ ಓದತೊಡಗಿದಳು: ಎಂಟು, ಎ, ಎಫ್, ಮೂರು, ಸಿ... ನಾನು ಪರದೆ ಮೇಲೆ ಬೆರಳಿಟ್ಟು ಕೂತೆ. ಒಳಗಿಂದ ಆಯಿ "ಯಾರದ್ದಾ ಗೋತ್ರ ಪ್ರವರ?" ಅಂತ ಕೇಳಿದಳು. ಮೊದಲ ಅಕ್ಷರವೇ ಬೇರೆ ಇತ್ತು. ಮಾರನೇ ದಿನ ಮತ್ತೆ ಬೆಟ್ಟ, ಮತ್ತೆ ಉಂಬಳ.

ಎರಡನೇ ಫೈಲು ಸರಿ ಇತ್ತು. ಪೆನ್‌ಡ್ರೈವಿಗೆ ಹಾಕಿ ಡಬ್ಬಿಗೆ ಚುಚ್ಚಿದೆ. ಡಬ್ಬಿ ಮೂರು ಸಲ ಕೂಗಿ ಸುಮ್ಮನಾಯಿತು. ಬಿಚ್ಚಿ ನೋಡಿದ್ರೆ ಒಳಗೆ ಒಂದು ಹಲ್ಲಿಮೊಟ್ಟೆ ಸಿಪ್ಪೆ, ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು. ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರ್ ತೆಗೆದುಕೊಂಡು ಉಜ್ಜಿದೆ, ಪಾತ್ರೆ ಬೆಳಗಿದ ಹಾಗೆ. ಕೂಗು ನಿಂತಿತು. ಇನ್‌ಸ್ಟಾಲ್ ಶುರುವಾಯಿತು. ಭಾಗವತರು ಗಣಪತಿ ಸ್ತುತಿ ಮುಗಿಸಿ, ಇನ್ನೇನು ಬಣ್ಣದ ವೇಷ ಪರದೆ ಸರಿಸಬೇಕು, ಅನ್ನುವಷ್ಟರಲ್ಲಿ ಎಲ್ಲೋ ಮರ ಬಿತ್ತು. ಕರೆಂಟು ಹೋಯಿತು. ಎರಡು ದಿನ ಬರಲಿಲ್ಲ.

ಬಂದ ಮೇಲೆ ಮತ್ತೆ ಹಾಕಿದೆ. ಪೂರ್ತಿ ಆಯಿತು! ಕಪ್ಪು ಪರದೆ ಮೇಲೆ ನನ್ನ ಹೆಸರು ಕೇಳುವ ಒಂದು ಗೆರೆ. ಆಯಿಯನ್ನು ಕರೆದು ತೋರಿಸಿದೆ. "ಇಷ್ಟೇಯನಾ?" ಅಂದಳು. ಆ ರಾತ್ರಿ ಮತ್ತೆ ಕರೆಂಟು ಹೋಯಿತು. ಬೆಳಿಗ್ಗೆ ಆನ್ ಮಾಡಿದ್ರೆ, 'ಬೂಟ್ ಮಾಡಲು ಯಾವ ಡಿಸ್ಕೂ ಇಲ್ಲ' ಅಂತ ಇಂಗ್ಲಿಷಿನಲ್ಲಿ ಬರೆದು ಬಂತು. ನಿನ್ನೆ ಇದ್ದ ಡಿಸ್ಕು ಇವತ್ತು ಎಲ್ಲಿಗೆ ಹೋಯಿತು?

ಅಳಿಯನಿಗೆ ಫೋನ್ ಹಚ್ಚಿದೆ. ಪರದೆ ಇರುವುದು ಜಗುಲಿಯಲ್ಲಿ, ಸಿಗ್ನಲ್ ಇರುವುದು ಹಲಸಿನ ಬುಡದಲ್ಲಿ. ನಡುವೆ ಮೂವತ್ತು ಹೆಜ್ಜೆ ಪಾಚಿ ಕಟ್ಟಿದ ಅಂಗಳ. "ಮಾವಾ, ಆನ್ ಮಾಡಿದ ಕೂಡ್ಲೆ ಎಫ್2 ಒತ್ತು, ಎರಡೇ ಸೆಕೆಂಡು ಟೈಮು" ಅಂದ. ಕೇಳಿಕೊಂಡು ಓಡಿ ಬಂದು ಒತ್ತಿದೆ, ಸೆಟ್ಟಿಂಗಿನ ಪರದೆ ಬಂತು. ಕಂಡದ್ದನ್ನು ಬಾಯಿಪಾಠ ಮಾಡಿಕೊಂಡು ಮತ್ತೆ ಹಲಸಿನ ಬುಡಕ್ಕೆ ಓಡಿದೆ. ಬೆಂಗಳೂರಿನವರು ಇದಕ್ಕೆ ರಿಮೋಟ್ ಸಪೋರ್ಟ್ ಅನ್ನುತ್ತಾರೆ. ಎರಡು ಸಲ ಜಾರಿ ಬಿದ್ದೆ. ಅಲ್ಲಿಗೆ ಡೌನ್ ಆದವರು ಇಬ್ಬರು.

ವಿಷಯ ಇಷ್ಟು. ಕಂಪ್ಯೂಟರಿಗೆ ಎದ್ದೇಳಲು ಎರಡು ದಾರಿ. ಹಳೇ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್ ಓದಿ ಏಳುತ್ತೆ. ಹೊಸದಕ್ಕೆ ಯುಇಎಫ್‌ಐ ಅಂತ ಹೆಸರು, ಅದು ಡಿಸ್ಕಿನಲ್ಲಿ ಬೇರೆಯೇ ಇಟ್ಟ ಚಿಕ್ಕ ಕೋಣೆಯಿಂದ ಒಂದು ಫೈಲು ಹುಡುಕಿ ಏಳುತ್ತೆ. ನಾನು ಇನ್‌ಸ್ಟಾಲ್ ಮಾಡಿದ್ದು ಹೊಸ ದಾರಿಯಲ್ಲಿ. ಬೆಳಿಗ್ಗೆ ಡಬ್ಬಿ ಹಳೇ ದಾರಿ ಹಿಡಿದಿತ್ತು. ಮುಂಬಾಗಿಲ ಮೇಲೆ ಕೀಲಿಕೈ ಇಟ್ಟು ಹಿತ್ತಿಲ ಬಾಗಿಲಲ್ಲಿ ತಡಕಿದ ಹಾಗೆ. ದಾರಿ ಬದಲಿಸಿದೆ, ಸೇವ್ ಮಾಡಿದೆ, ಎದ್ದಿತು. ಮತ್ತೆ ಕರೆಂಟು ಹೋಯಿತು. ಮತ್ತೆ ಡಿಸ್ಕು ಇಲ್ಲ.

ಹೀಗೆ ಹತ್ತು ದಿನ. ಊರಿನವರೆಲ್ಲ ಬಂದು ನೋಡಿ ಹೋದರು. ಥಂಡಿ ಆಗಿದೆ, ಒಂದು ರಾತ್ರಿ ಬಚ್ಚಲ ಒಲೆಯ ಮೇಲೆ ಅಟ್ಟದಲ್ಲಿಡು ಅಂದಳು ಆಯಿ. ಕೆಳಗಿನ ಮನೆಯವರು ಚೌಡಿಗೆ ಒಂದು ಕಾಯಿ ಒಡೆಸು ಅಂದರು. ವೈರಿಂಗ್ ಮಾಡುವವ ಅರ್ತಿಂಗ್ ಸರಿ ಇಲ್ಲ ಅಂದ. (ಅವನ ಪ್ರಕಾರ ಯಾರ ಮನೆಯ ಅರ್ತಿಂಗೂ ಸರಿ ಇಲ್ಲ.) ನಗಬೇಡಿ. ಇವರೆಲ್ಲ ತಪ್ಪೋ ಸರಿಯೋ ಒಂದು ಕಾರಣ ಹೇಳಿದರು, ಅದಕ್ಕೊಂದು ಮದ್ದೂ ಹೇಳಿದರು. 'ಸಹಕರಿಸಿ' ಅಂತ ಒಬ್ಬರೂ ಹೇಳಲಿಲ್ಲ.

ಒಂದು ದಿನ ಬೇಜಾರಾಗಿ ನಾನೇ ಆಯಿಗೆ "ಸರ್ವರ್ ಡೌನ್" ಅಂದುಬಿಟ್ಟೆ.

"ಡೌನ್ ಅಂದ್ರೆ ಬಿದ್ದಿದ್ದಾ?"

"ಹೌದು."

"ಎತ್ತಲೆ ಯಾರೂ ಇಲ್ಯನಾ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾವ ಕಿಟಕಿಯ ಎದುರೂ ನಾನು ಕೇಳಿರಲಿಲ್ಲ. ಸಾಲಿನಲ್ಲಿ ನಿಂತ ಯಾರೂ ಕೇಳಿದ್ದು ನೋಡಿಲ್ಲ. ಬೋರ್ಡು ಓದುತ್ತೇವೆ, ಕೊಡೆ ಬಿಡಿಸುತ್ತೇವೆ, ಬಸ್‌ಸ್ಟ್ಯಾಂಡಿಗೆ ಹೋಗುತ್ತೇವೆ.

ಭಾನುವಾರ ಸಂಜೆ ಭಾವ ಬಂದ. ಕಿಟಕಿಯ ಭಾವನೇ. ಮನೆಗೆ ಬಂದರೆ ಗುರುತು ಹಿಡಿಯುತ್ತಾನೆ. ಕವಳದ ತಬಕು ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಪರದೆ ಕಡೆ ನೋಡಿದ. ಎಫ್2 ಒತ್ತಿದ ನೀಲಿ ಪರದೆ ಹಾಗೇ ಇತ್ತು. ಅವನ ಕಣ್ಣು ಸೀದಾ ಮೇಲಿನ ಮೂಲೆಗೆ ಹೋಯಿತು, ಜಾತ್ರೆ ಗದ್ದಲದಲ್ಲಿ ನೆಂಟರ ಮುಖ ಕಂಡ ಹಾಗೆ.

"ಭಾವಾ, ತಾರೀಕು ನೋಡಿದ್ಯಾ?"

01/01/2012. ಹತ್ತು ದಿನದಿಂದ ನನ್ನ ಕಣ್ಣೆದುರೇ ಇತ್ತು.

"ಬ್ಯಾಟ್ರಿ ಹೋಯ್ದು" ಅಂದ. ಅಡ ಸೇರಿಸಲಿಲ್ಲ.

ಡಬ್ಬಿಯ ಒಳಗಿನ ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತೆ. ಸಿಆರ್2032. ಹೆಸರಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು, ನಾವು ಮಾಡಿಟ್ಟ ಸೆಟ್ಟಿಂಗು ಮರೆಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಪ್ಲಗ್ಗಿನಲ್ಲಿ ಕರೆಂಟು ಇರುವ ತನಕ ಅದು ಸತ್ತಿದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ಸರಿ ಇತ್ತು, ನಮ್ಮಲ್ಲಿ ದಿನಾ ಬೆಳಿಗ್ಗೆ 2012ಕ್ಕೆ ಹೋಗಿ ಹಳೇ ದಾರಿ ಹಿಡಿಯುತ್ತಿತ್ತು. ಮಾರನೇ ದಿನ ಪೇಟೆಯ ವಾಚ್ ಅಂಗಡಿಯಲ್ಲಿ ನಲವತ್ತು ರೂಪಾಯಿ ಕೊಟ್ಟು ತಂದೆ. ಉಗುರಲ್ಲಿ ಎಬ್ಬಿಸಿ ಹಳೇದು ತೆಗೆದು, ಹೊಸದನ್ನು ಕೂರಿಸಿದೆ. ಟಕ್ ಅಂತು. ಅಷ್ಟೇ. ಅವತ್ತಿಂದ ಸರ್ವರ್ ಬಿದ್ದಿಲ್ಲ. ಕರೆಂಟು ಹೋದರೆ ಮಲಗುತ್ತೆ, ಬಂದರೆ ಏಳುತ್ತೆ. ಕ್ಯಾಸೆಟ್ಟಿನ ಕರ್ಣ ಈಗ ಮೊಬೈಲಿನಲ್ಲಿ ಮಾತಾಡುತ್ತಾನೆ.

ಮುಂದಿನ ಭಾನುವಾರ ಭಾವ ಬಂದಾಗ ಕೇಳಿದೆ, ಅದು ನೋಡಿದ ಕೂಡಲೇ ಹೇಗೆ ಗೊತ್ತಾಯಿತು ಅಂತ.

"ನಮ್ಮ ಆಫೀಸಿಂದೂ ಹಿಂಗೇಯಾ. ಯಾವಾಗ ನೋಡಿದ್ರೂ ಒಂದನೇ ತಾರೀಕು. ಪಗಾರ ಮಾತ್ರ ಬತ್ತಿಲ್ಲೆ."

ತಾರೀಕು ಹಿಂದೆ ಹೋದರೆ ಬ್ರೌಸರು ಸರ್ಕಾರಿ ಜಾಲತಾಣವನ್ನು ತೆರೆಯುವುದಿಲ್ಲ. ಜಾಲತಾಣದ ಭದ್ರತೆಯ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. 2012ರಲ್ಲಿ ಕೂತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟೇ ಇಲ್ಲ. ಅಂದ್ರೆ ಸರ್ವರ್ ಬೆಂಗಳೂರಿನಲ್ಲಿ ಗಟ್ಟಿಯಾಗಿ ನಿಂತಿದೆ, ಬಿದ್ದಿರುವುದು ಭಾವನ ಮೇಜಿನ ಕೆಳಗಿನ ಬ್ಯಾಟರಿ.

"ತಾರೀಕು ನೀನೇ ತಿದ್ದಬಹುದಲ್ಲ?"

ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದಿರುವುದು ಕಾರವಾರದ ಇಂಜಿನಿಯರ್ ಹತ್ರ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗಬೇಕು, ನೂರು ಕಿಲೋಮೀಟರಿಗೂ ಜಾಸ್ತಿ. ಆತ ತಿಂಗಳಿಗೊಮ್ಮೆ ಬಂದು ತಾರೀಕು ತಿದ್ದಿ ಹೋಗುತ್ತಾನೆ. ಮುಂದಿನ ಸಲ ಕರೆಂಟು ಹೋಗುವ ತನಕ ಕಚೇರಿ ನಡೆಯುತ್ತೆ. ಮಳೆಗಾಲದಲ್ಲಿ ಅಂದ್ರೆ ಸಂಜೆ ತನಕ.

"ಬಂದವ ಬ್ಯಾಟರಿಯನ್ನೇ ಹಾಕಿ ಹೋಗಬಾರದಾ?"

"ಬ್ಯಾಟ್ರಿ ಹಾರ್ಡ್‌ವೇರು. ಅವಂದು ಸಾಫ್ಟ್‌ವೇರ್ ಕಾಂಟ್ರಾಕ್ಟು."

"ಹಾಗಾದ್ರೆ ಬ್ಯಾಟರಿ ಬೇಕು ಅಂತ ನೀವೇ ಬರೆಯಿರಿ."

"ಇಂಡೆಂಟ್ ಹಾಕವು. ಈಗ ಎಲ್ಲ ಆನ್‌ಲೈನು." ಭಾವ ಎದ್ದು ಹೋಗಿ ಅಂಗಳದಲ್ಲಿ ಕವಳ ಉಗಿದು ಬಂದ. "ಅದು ತೆರಿತಿಲ್ಲೆ. ತಾರೀಕು ಸರಿ ಇಲ್ಯಲಾ."

ವಾಚ್ ಅಂಗಡಿಯಲ್ಲಿ ನನಗೆ ಎರಡು ಬ್ಯಾಟರಿ ಕೊಟ್ಟಿದ್ದರು. ಒಂದನ್ನು ತಂದು ಅವನ ಕೈಯಲ್ಲಿಟ್ಟೆ. ನಲವತ್ತು ರೂಪಾಯಿ ಹೋದರೆ ಹೋಗಲಿ, ಹಾಕಿಕೋ ಅಂದೆ. ಭಾವ ಕೆಂಡ ಹಿಡಿದವನ ಹಾಗೆ ಅದನ್ನು ತಬಕಿನಲ್ಲಿ ಇಟ್ಟುಬಿಟ್ಟ. ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ ಸಾಮಾನು ಸರ್ಕಾರಿ ಕಂಪ್ಯೂಟರಿನ ಒಳಗೆ ಸಿಕ್ಕರೆ ಆಡಿಟ್‌ನವರು ಕೇಳುತ್ತಾರಂತೆ, ಎಲ್ಲಿಂದ ಬಂತು ಅಂತ. ಕಂಪ್ಯೂಟರ್ ಕೆಲಸ ಮಾಡದಿದ್ದರೆ ಯಾರೂ ಏನೂ ಕೇಳುವುದಿಲ್ಲ.

ಗುರುವಾರ ಮತ್ತೆ ಪೇಟೆಗೆ ಹೋದೆ. ಕೊಂಬು ಹಾಗೇ ಇತ್ತಲ್ಲ. ಬೋರ್ಡು ನೇತಾಡುತ್ತಿತ್ತು. ನನ್ನ ಎದುರು ಅಘನಾಶಿನಿ ಆಚೆಯಿಂದ ಬಂದ ಒಬ್ಬ ಅಜ್ಜ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಗಳನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. "ಎಂತಾ ಆಗಿದೆ ಮಗಾ?" ಅಂತ ಕೇಳಿದ. ಭಾವ ಅಜ್ಜನ ಹೆಗಲ ಮೇಲಿಂದ ನನ್ನನ್ನು ನೋಡಿದ. ನಾನು ಅವನ ಹಿಂದಿನ ಪರದೆಯ ಮೂಲೆ ನೋಡಿದೆ. ಒಂದನೇ ತಾರೀಕು.

"ಸರ್ವರ್ ಡೌನಡ" ಅಂದ ಭಾವ.

ಕಂಪ್ಯೂಟರಿನಲ್ಲಿ ಗಂಟೆ ಎಷ್ಟಾಗಿತ್ತೋ, ಗೋಡೆಯ ಗಡಿಯಾರದಲ್ಲಿ ಒಂದಾಯಿತು. ಭಾವ ಎದ್ದು ಬೋರ್ಡು ತಿರುಗಿಸಿದ.