ಹವಳಕ್ಕೂ ಎತ್ತಂಗಡಿ

ಎತ್ತಂಗಡಿ ಅಂದ್ರೆ ಏನು ಅಂತ ನಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಶಾಸಕರಿಗೆ ಎದುರು ಮಾತಾಡಿದ ತಹಸೀಲ್ದಾರರು ಸಂಜೆಯೊಳಗೆ ದೂರದ ಬಸ್ಸು ಹತ್ತಿರುತ್ತಾರೆ. ಈಗ ಆ ಸಾಲಿಗೆ ಹವಳವೂ ಸೇರಿದೆ.

ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು ಬರಲಿದೆ. ಅಲ್ಲಿನ ಹವಳದ ಗುಂಪುಗಳನ್ನು ಎಣಿಸಿದರು. ಒಟ್ಟು 20,668. ಅದರಲ್ಲಿ 16,150ಕ್ಕೆ ವರ್ಗಾವಣೆ. ಉಳಿದ 4,518ರ ಕಥೆ ಏನು? 2023ರಲ್ಲಿ ಹಸಿರು ನ್ಯಾಯಮಂಡಳಿಯೇ ಅವುಗಳ ಬಗ್ಗೆ ಮಾತೇ ಇಲ್ಲವಲ್ಲ ಅಂತ ಗಮನಿಸಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಅವುಗಳಿಗೆ ಸ್ಥಳ ತೋರಿಸಿಲ್ಲ.

ಕಡಲಾಮೆಯ ಫೈಲು ಇನ್ನೂ ಚೆನ್ನಾಗಿದೆ. ಲೆದರ್‌ಬ್ಯಾಕ್ ಅನ್ನೋ ಈ ಆಮೆ ಅರ್ಧ ಟನ್ ತೂಗುವ ಜೀವ. ರಾತ್ರಿ ಏದುಸಿರು ಬಿಡುತ್ತಾ ಮರಳು ಹತ್ತಿ ಬರುತ್ತೆ. ಹಿಂದಿನ ಕಾಲುಗಳನ್ನು ಸೌಟಿನ ಹಾಗೆ ಬಾಗಿಸಿ, ಒಂದೊಂದೇ ಹಿಡಿ ಮರಳು ಎತ್ತಿ ಪಕ್ಕಕ್ಕೆ ಹಾಕುತ್ತೆ. ಮೊಟ್ಟೆ ಇಟ್ಟು, ಮುಚ್ಚಿ, ತಿರುಗಿ ನೋಡದೆ ಹೋಗುತ್ತೆ. 2004ರ ಸುನಾಮಿ ಈ ಕಡಲತೀರವನ್ನೇ ನುಂಗಿತ್ತು. ಮರಳು ಮತ್ತೆ ಕೂಡಿಕೊಂಡಿತು, ಆಮೆಯೂ ಮತ್ತೆ ಬಂತು.

ಇದಕ್ಕಾಗಿಯೇ 1997ರಲ್ಲಿ ಅಲ್ಲೊಂದು ಅಭಯಾರಣ್ಯ ಮಾಡಿದ್ದರು. 2021ರ ಜನವರಿಯಲ್ಲಿ ಅದನ್ನು ರದ್ದು ಮಾಡಿದರು. ಕೆಲವೇ ವಾರಗಳಲ್ಲಿ ಪರಿಸರ ಸಚಿವಾಲಯವೇ ಕಡಲಾಮೆ ರಕ್ಷಣೆಗೆ ಒಂದು ರಾಷ್ಟ್ರೀಯ ಯೋಜನೆ ಹೊರತಂದಿತು. ಆಮೆಗಳಿಗೆ ಮುಖ್ಯವಾದ ತೀರಗಳಲ್ಲಿ ಗಲಾಥಿಯಾದ ಹೆಸರೂ ಇತ್ತು! ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ದಾನದ ವಿಷಯದಲ್ಲಿ ಸಚಿವಾಲಯ ಬಹಳ ಕಟ್ಟುನಿಟ್ಟು.

ಸುಮ್ನೆ ಬೀದಿಗೆ ಬಿಟ್ಟಿಲ್ಲ ಬಿಡಿ. 2022ರಲ್ಲಿ ಆಮೆಗೆ ಪಕ್ಕದ ಲಿಟಲ್ ನಿಕೋಬಾರ್, ಮೆಗಾಪೋಡ್ ಹಕ್ಕಿಗೆ ಮೆಂಚಾಲ್ ದ್ವೀಪ, ಹವಳಕ್ಕೆ ಮೆರೋಯ್ ದ್ವೀಪ ಅಂತ ಬೇರೆ ಬೇರೆ ಅಭಯಾರಣ್ಯ ತೋರಿಸಿದರು. ಒಂದೇ ದ್ವೀಪದವರು ಮೂರು ಕಡೆ ಪಾಲಾದರು. ಪಾಪ, ದಂಪತಿ ಪ್ರಕರಣ ಅಂತ ಅರ್ಜಿ ಹಾಕೋಕೂ ಬರಲ್ಲ. ಆಮೆಗೇನೋ ತಿರುಗಾಟ ಅಭ್ಯಾಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲಿಟಲ್ ಅಂಡಮಾನ್‌ನಲ್ಲಿ ಟ್ಯಾಗ್ ಹಾಕಿ ಬಿಟ್ಟ ಆಮೆಗಳು ಆಸ್ಟ್ರೇಲಿಯಾ ಕಡೆಗೂ ಹೋದವು, ಆಫ್ರಿಕಾ ಕಡೆಗೂ ಹೋದವು. ಅಷ್ಟು ದೂರದಿಂದ ದಾರಿ ತಪ್ಪದೆ ವಾಪಸ್ ಬರೋ ಪ್ರಾಣಿಗೆ ಗೆಜೆಟ್ ಓದೋಕೆ ಮಾತ್ರ ಬರಲ್ಲ.

ಇನ್ನು ಕಾಡು. ಸುಮಾರು 130 ಚದರ ಕಿ.ಮೀ. ಮಳೆಕಾಡು ಹೋಗುತ್ತೆ, ಬದಲಿಗೆ ಹರಿಯಾಣದಲ್ಲಿ ಗಿಡ ನೆಡ್ತಾರಂತೆ. ಅಲ್ಲಿ ಕಡಲಿಲ್ಲ, ಮಳೆಯೂ ಅಷ್ಟಕ್ಕಷ್ಟೇ. ಜಾಗ ಇದೆಯಲ್ಲ, ಸಾಕು.

ನನಗೆ ತುಂಬಾ ಹಿಡಿಸಿದ್ದು ಸರ್ವೆ. ಹವಳ ಇರುವ, ಆಮೆ ಮೊಟ್ಟೆ ಇಡುವ ತೀರ ಅಂದ್ರೆ ಕರಾವಳಿ ನಿಯಮದಲ್ಲಿ 1ಎ ವಲಯ. ಅಲ್ಲಿ ಬಂದರು ಕಟ್ಟೋ ಹಾಗಿಲ್ಲ. ಯೋಜನೆಯ ಸುಮಾರು 7 ಚದರ ಕಿ.ಮೀ. ಆ ವಲಯದಲ್ಲೇ ಬರುತ್ತೆ ಅಂತ ಮೊದಲಿನ ಲೆಕ್ಕ ಹೇಳಿತ್ತು. ಆಮೇಲೆ ಮತ್ತೆ ಅಳತೆ ಮಾಡಿಸಿ, ಒಂದಿಂಚೂ ಬರಲ್ಲ ಅಂತ ಹೇಳಿದರು. ಕೆರೆ ಸರ್ವೆ ನೋಡಿ ಬೆಳೆದ ಬೆಂಗಳೂರಿನವರಿಗೆ ಇದೇನು ಹೊಸದಲ್ಲ. ಆದರೂ ಒಂದು ಸಣ್ಣ ಅನುಮಾನ. ಅಲ್ಲಿ ಅಂಥ ಜಾಗವೇ ಇಲ್ಲ ಅಂದ್ಮೇಲೆ, ಆ 16,150 ಎತ್ತಂಗಡಿ ಆರ್ಡರ್ ಯಾರ ಹೆಸರಿಗೆ ಹೋಯ್ತು?